ಬೂತ್‌ಗೆ ಬರುವವರು ಯಾರು? ಅಮೆರಿಕದ ಚುನಾವಣಾ ಸಮೀಕ್ಷೆಗಳು ಎಡವುವ ಜಾಗ

2016ರ ಸೆಪ್ಟೆಂಬರ್. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಇನ್ನೂ ಏಳು ವಾರ ಬಾಕಿ ಇತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸಿಯೆನಾ ಕಾಲೇಜಿನ ಜೊತೆ ಸೇರಿ ಫ್ಲಾರಿಡಾದಲ್ಲಿ 867 ಮತದಾರರನ್ನು ಫೋನ್‌ನಲ್ಲಿ ಮಾತಾಡಿಸಿತು. ಹಿಲರಿ ಕ್ಲಿಂಟನ್ ಕಡೆಗೋ, ಡೊನಾಲ್ಡ್ ಟ್ರಂಪ್ ಕಡೆಗೋ ಎಂದು ಕೇಳಿತು. ಆಮೇಲೆ ಪತ್ರಿಕೆ ಒಂದು ಒಳ್ಳೆಯ ಕೆಲಸ ಮಾಡಿತು. ಬಂದ ಉತ್ತರಗಳನ್ನು ಹಾಗೆಯೇ, ಒಂದಕ್ಷರ ಬದಲಿಸದೆ, ಸಮೀಕ್ಷೆಯಲ್ಲಿ ಪಳಗಿದ ಬೇರೆ ನಾಲ್ಕು ತಂಡಗಳಿಗೆ ಕೊಟ್ಟು, ‘ನೀವು ಲೆಕ್ಕ ಹಾಕಿ ಹೇಳಿ’ ಎಂದಿತು.

ಒಂದು ತಂಡ ಕ್ಲಿಂಟನ್ 4 ಪಾಯಿಂಟ್, ಅಂದರೆ ನೂರಕ್ಕೆ ನಾಲ್ಕು ಮತದಷ್ಟು, ಮುಂದಿದ್ದಾರೆ ಎಂದಿತು. ಇನ್ನೊಂದು 3 ಎಂದಿತು, ಮತ್ತೊಂದು 1. ನಾಲ್ಕನೆಯ ತಂಡದ ಲೆಕ್ಕದಲ್ಲಿ ಟ್ರಂಪ್ 1 ಪಾಯಿಂಟ್ ಮುಂದಿದ್ದರು! ಪತ್ರಿಕೆಯ ಸ್ವಂತ ಲೆಕ್ಕದಲ್ಲಿ ಕ್ಲಿಂಟನ್‌ಗೆ 1 ಪಾಯಿಂಟ್ ಮುನ್ನಡೆ. ಮಾತಾಡಿದ ಜನ ಅವರೇ, ಹೇಳಿದ ಉತ್ತರವೂ ಅದೇ. ಆದರೂ ಫಲಿತಾಂಶ ಐದು ಪಾಯಿಂಟ್‌ನಷ್ಟು ಆಚೀಚೆ. ನವೆಂಬರ್‌ನಲ್ಲಿ ಟ್ರಂಪ್ ಅಲ್ಲಿ ಒಂದು ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ ಅಂತರದಲ್ಲಿ ಗೆದ್ದರು.

ಯಾರೂ ಮೋಸ ಮಾಡಿರಲಿಲ್ಲ. ಎಲ್ಲರೂ ಹೆಸರು ಮಾಡಿದ ಪರಿಣತರೇ. ವ್ಯತ್ಯಾಸಕ್ಕೆ ಮುಖ್ಯ ಕಾರಣ ಎರಡು. ಈ 867 ಜನರಲ್ಲಿ ನಿಜಕ್ಕೂ ಮತ ಹಾಕುವವರು ಯಾರು ಎಂದು ಒಬ್ಬೊಬ್ಬರು ಒಂದೊಂದು ರೀತಿ ಅಂದಾಜಿಸಿದ್ದರು. ಯಾವ ಗುಂಪಿನ ಜನರ ಮಾತಿಗೆ ಎಷ್ಟು ತೂಕ ಕೊಡಬೇಕು ಎನ್ನುವುದರಲ್ಲೂ ಅವರ ಲೆಕ್ಕ ಬೇರೆ ಬೇರೆ ಇತ್ತು.

ಅಮೆರಿಕದ ಸಮೀಕ್ಷೆಗಳ ಸುದ್ದಿ ಓದುವಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. 2026ರ ನವೆಂಬರ್ 3ರ ಮಂಗಳವಾರ ಅಲ್ಲಿ ಮತ್ತೆ ಚುನಾವಣೆ. ಈ ಸಲದ್ದು ‘ಮಿಡ್‌ಟರ್ಮ್’. ಕನ್ನಡ ಪತ್ರಿಕೆಗಳು ಇದನ್ನು ಮಧ್ಯಂತರ ಚುನಾವಣೆ ಎಂದು ಬರೆಯುತ್ತವೆ. ನಮ್ಮಲ್ಲಿ ಆ ಮಾತಿಗೆ ಬೇರೆ ಅರ್ಥ ಇದೆ, ಅಲ್ವಾ? ಸರ್ಕಾರ ಬಿದ್ದು, ಅವಧಿಗೆ ಮೊದಲೇ ಬರುವ ಚುನಾವಣೆ ನಮ್ಮದು. ಅಲ್ಲಿ ಹಾಗಲ್ಲ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ, ತಪ್ಪದೆ, ಕ್ಯಾಲೆಂಡರ್ ಪ್ರಕಾರ ಬರುವ ಚುನಾವಣೆ ಇದು. ಅಲ್ಲಿನ ಸಂಸತ್ತಿನ ಕೆಳಮನೆಯ 435 ಸ್ಥಾನಗಳಿಗೂ ಮತದಾನ ನಡೆಯುತ್ತದೆ. ನೂರು ಜನರ ಮೇಲ್ಮನೆ ಸೆನೆಟ್‌ನಲ್ಲಿ ಈ ಸಲ 35 ಸ್ಥಾನ, ಜೊತೆಗೆ 36 ರಾಜ್ಯಗಳ ಗವರ್ನರ್ ಹುದ್ದೆ (ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ). ಅಧ್ಯಕ್ಷರ ಹೆಸರು ಮಾತ್ರ ಮತಪತ್ರದಲ್ಲಿ ಇರುವುದಿಲ್ಲ. ಆ ಹೆಸರು ಇಲ್ಲದಾಗ ಬೂತ್‌ಗೆ ಯಾರು ಬರುತ್ತಾರೆ ಎಂದು ಅಂದಾಜಿಸುವುದೇ ಸಮೀಕ್ಷೆ ಮಾಡುವವರಿಗೆ ದೊಡ್ಡ ತಲೆನೋವು.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಸಮೀಕ್ಷೆಯ ತತ್ವವೂ ಇದೇ. ಸರಿಯಾಗಿ ಆರಿಸಿದ ಸಾವಿರ ಜನರನ್ನು ಕೇಳಿದರೆ ಕೋಟ್ಯಂತರ ಜನರ ಮನಸ್ಸು ಸುಮಾರಾಗಿ ಗೊತ್ತಾಗುತ್ತದೆ. ಇದು ಗಣಿತ, ಇದರಲ್ಲಿ ಸುಳ್ಳಿಲ್ಲ. ಆದರೆ ಅಗುಳು ಹಿಸುಕುವಾಗ ಅನ್ನ ಪಾತ್ರೆಯಲ್ಲಿ ಇರುತ್ತದೆ. ಚುನಾವಣೆಯಲ್ಲಿ ಪಾತ್ರೆಗೆ ಯಾವ ಅಕ್ಕಿ ಬೀಳುತ್ತದೆ ಎನ್ನುವುದೇ ಕೊನೆಯ ದಿನದವರೆಗೂ ಗೊತ್ತಿರುವುದಿಲ್ಲ. ನಮ್ಮ ಟಿವಿಗಳ ಮತಗಟ್ಟೆ ಸಮೀಕ್ಷೆ ಮತ ಹಾಕಿ ಹೊರಗೆ ಬಂದವರನ್ನು ಕೇಳುತ್ತದೆ. ಅವರು ಮತ ಹಾಕಿದ್ದಾರೆ ಎನ್ನುವುದರಲ್ಲಾದರೂ ಅನುಮಾನವಿಲ್ಲ. ಹಾಗಿದ್ದೂ 2024ರ ಜೂನ್ 1ರ ಸಂಜೆ ಹಲವು ಚಾನೆಲ್‌ಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು, ಬಂದದ್ದು 293. ಇನ್ನು ಮತವನ್ನೇ ಹಾಕದವರನ್ನು ತಿಂಗಳುಗಟ್ಟಲೆ ಮೊದಲೇ ಕೇಳುವ ಕೆಲಸ ಎಷ್ಟು ಕಷ್ಟದ್ದು ಎಂದು ಊಹಿಸಬಹುದು.

ಮಿಡ್‌ಟರ್ಮ್‌ನಲ್ಲಿ ಈ ಕಷ್ಟ ಇನ್ನೂ ಜಾಸ್ತಿ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅರ್ಹ ಮತದಾರರಲ್ಲಿ ಸುಮಾರು ಶೇ 66ರಷ್ಟು ಜನ ಮತ ಹಾಕಿದರು. 2014ರ ಮಿಡ್‌ಟರ್ಮ್‌ನಲ್ಲಿ ಹಾಕಿದವರು ಸುಮಾರು ಶೇ 37 ಮಾತ್ರ. ಎರಡನೇ ಮಹಾಯುದ್ಧದ ಕಾಲದ ನಂತರ ಅಷ್ಟು ಕಡಿಮೆ ಆಗಿದ್ದೇ ಇಲ್ಲ. ಅದಾಗಿ ನಾಲ್ಕೇ ವರ್ಷಕ್ಕೆ, 2018ರಲ್ಲಿ, ಅದು ಸುಮಾರು ಶೇ 50ಕ್ಕೆ ಹಾರಿತು. ಒಂದು ಶತಮಾನದಲ್ಲೇ ಅಷ್ಟು ಜನ ಮಿಡ್‌ಟರ್ಮ್‌ಗೆ ಬಂದಿರಲಿಲ್ಲ. 2022ರಲ್ಲಿ ಮತ್ತೆ ಸುಮಾರು ಶೇ 46. ಹೀಗೆ ಏರಿಳಿಯುವಾಗ ಬರುವವರು ಯಾರು, ಮನೆಯಲ್ಲೇ ಉಳಿಯುವವರು ಯಾರು ಎಂದು ಮೊದಲೇ ಹೇಳುವುದು ಹೇಗೆ?

‘ನೀವು ಮತ ಹಾಕುತ್ತೀರಾ?’ ಎಂದು ನೇರವಾಗಿ ಕೇಳಬಹುದು. ಆದರೆ ಜನ ಹೌದು ಎಂದೇ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ. ಹಾಕಬೇಕು ಅಂತ ಮನಸ್ಸಿನಲ್ಲಿ ಇರುತ್ತದೆ. ಆಮೇಲೆ ಆ ಮಂಗಳವಾರ ಬರುತ್ತದೆ. ದೇಶಕ್ಕೆಲ್ಲ ರಜೆ ಇರುವ ದಿನವಲ್ಲ ಅದು. ಕೆಲಸಕ್ಕೆ ಹೋಗಬೇಕು, ಮಕ್ಕಳನ್ನು ಕರೆತರಬೇಕು, ಆಗುವುದಿಲ್ಲ. ಅದಕ್ಕೆ 1950ರ ದಶಕದಲ್ಲೇ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯ ಪಾಲ್ ಪೆರಿ ಎಂಬುವವರು ಸುತ್ತು ಬಳಸಿ ಕೇಳುವ ಒಂದು ದಾರಿ ಹುಡುಕಿದರು. ಈ ಚುನಾವಣೆಯ ಬಗ್ಗೆ ಎಷ್ಟು ಯೋಚಿಸಿದ್ದೀರಿ? ನಿಮ್ಮ ಬಡಾವಣೆಯವರು ಮತ ಹಾಕುವ ಜಾಗ ಎಲ್ಲಿದೆ ಗೊತ್ತಾ? ಹಿಂದಿನ ಸಲ ಹಾಕಿದ್ರಾ? ಇಂಥ ಏಳು ಪ್ರಶ್ನೆ. ಉತ್ತರಕ್ಕೆ ಅಂಕ. ಮೇಲಿನ ಅಂಕ ಬಂದವರಷ್ಟೇ ‘ಮತ ಹಾಕಬಹುದಾದವರು’ ಎಂದು ಲೆಕ್ಕಕ್ಕೆ. ಬೂತ್ ಎಲ್ಲಿದೆ ಎಂದು ಕೇಳುವ ಪ್ರಶ್ನೆ ನನಗೆ ತುಂಬ ಇಷ್ಟ. ಹೋಗುವ ಮನಸ್ಸು ನಿಜವಾಗಿ ಇದ್ದವರಿಗೆ ಜಾಗ ಗೊತ್ತಿರುತ್ತದೆ.

ಈಗ ಇನ್ನೊಂದು ದಾರಿಯೂ ಇದೆ. ನಮಗೆ ಇದು ಆಶ್ಚರ್ಯ ಅನಿಸಬಹುದು. ಅಮೆರಿಕದಲ್ಲಿ ಯಾರಿಗೆ ಮತ ಹಾಕಿದಿರಿ ಎನ್ನುವುದು ಗುಟ್ಟು. ಆದರೆ ಮತ ಹಾಕಿದಿರೋ ಇಲ್ಲವೋ ಎನ್ನುವುದು ದಾಖಲೆಯಲ್ಲಿ ಉಳಿಯುತ್ತದೆ. ರಾಜ್ಯಗಳ ಮತದಾರರ ಪಟ್ಟಿಯಲ್ಲಿ ಹೆಸರು, ವಿಳಾಸದ ಜೊತೆ ಯಾವ ಯಾವ ಚುನಾವಣೆಗೆ ಬಂದಿದ್ದರು ಎನ್ನುವುದೂ ಇರುತ್ತದೆ. ಪಕ್ಷಗಳಿಗೆ, ಸಮೀಕ್ಷೆ ಮಾಡುವವರಿಗೆ ಈ ಪಟ್ಟಿ ಸಿಗುತ್ತದೆ. ಹಾಗಾಗಿ ಫೋನ್ ಎತ್ತಿಕೊಂಡ ಮನುಷ್ಯ ‘ನಾನು ಯಾವಾಗಲೂ ಹಾಕ್ತೀನಿ’ ಎಂದರೂ, ಕಳೆದ ಮೂರು ಚುನಾವಣೆಗೆ ಬಂದೇ ಇಲ್ಲ ಎನ್ನುವುದು ಕೇಳುವವರ ಪರದೆ ಮೇಲೆ ಕಾಣುತ್ತಿರುತ್ತದೆ.

ಹಾಗಾದರೆ ಸಮಸ್ಯೆ ಮುಗಿಯಿತಾ? ಇಲ್ಲ. ಹಿಂದೆ ಬಂದವರೇ ಮುಂದೆಯೂ ಬರುತ್ತಾರೆ ಎಂದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಎರಿಕ್ ಕ್ಯಾಂಟರ್ ಕಥೆ ನೋಡಿ. 2014ರಲ್ಲಿ ಅವರು ಕೆಳಮನೆಯಲ್ಲಿ ರಿಪಬ್ಲಿಕನ್ ಪಕ್ಷದ ಎರಡನೇ ದೊಡ್ಡ ನಾಯಕ. ಮುಂದಿನ ಸ್ಪೀಕರ್ ಅವರೇ ಎಂಬ ಮಾತಿತ್ತು. ವರ್ಜೀನಿಯಾದ ತಮ್ಮ ಕ್ಷೇತ್ರದಲ್ಲಿ ಜೂನ್‌ನಲ್ಲಿ ಪ್ರೈಮರಿ ಇತ್ತು. ಪಕ್ಷದ ಟಿಕೆಟ್ ಯಾರಿಗೆ ಎಂದು ಮತದಾರರೇ ತೀರ್ಮಾನಿಸುವ ಚುನಾವಣೆ ಅದು. ಎದುರಾಳಿ ಡೇವ್ ಬ್ರ್ಯಾಟ್, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವರು. ಕ್ಯಾಂಟರ್ ಅವರೇ ದುಡ್ಡು ಕೊಟ್ಟು ಮಾಡಿಸಿದ ಸಮೀಕ್ಷೆ ಅವರಿಗೆ 34 ಪಾಯಿಂಟ್ ಮುನ್ನಡೆ ಕೊಟ್ಟಿತ್ತು. ಸೋತದ್ದು 11 ಪಾಯಿಂಟ್‌ನಿಂದ! ಎರಡು ವರ್ಷದ ಹಿಂದಿನ ಪ್ರೈಮರಿಗೆ ಬಂದಿದ್ದು ಸುಮಾರು 47 ಸಾವಿರ ಜನ. ಈ ಸಲ ಸುಮಾರು 65 ಸಾವಿರ ಜನ ಬಂದರು. ಆ ಹೆಚ್ಚಿನ ಜನ ಸಮೀಕ್ಷೆಯ ಲೆಕ್ಕದಲ್ಲಿ ಇರಲೇ ಇಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಬರುವವರನ್ನು ಬಿಟ್ಟುಬಿಡುವುದು ಒಂದು ತಪ್ಪು. ಫೋನ್ ಎತ್ತದವರನ್ನು ಕಳೆದುಕೊಳ್ಳುವುದು ಇನ್ನೊಂದು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನನ್ನ ಅಕ್ಕನ ಮಗ ಇದ್ದಾನೆ. ಸಮೀಕ್ಷೆಯವರು ಯಾವತ್ತಾದರೂ ಕರೆ ಮಾಡಿದ್ದಾರಾ ಎಂದು ಕೇಳಿದೆ. ‘ಮಾಡಿರಬಹುದು ಚಿಕ್ಕಮ್ಮ, ಗೊತ್ತಿಲ್ಲದ ನಂಬರ್ ನಾನು ಎತ್ತೋದೇ ಇಲ್ಲ. ಎತ್ತಿದ್ರೆ ಕಾರಿನ ವಾರಂಟಿ ಮುಗೀತು ಅಂತ ಶುರು ಮಾಡ್ತಾರೆ’ ಎಂದ. ಅವನೊಬ್ಬನೇ ಅಲ್ಲ. ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ಶೇ 36ರಷ್ಟು ಜನ ಉತ್ತರ ಕೊಡುತ್ತಿದ್ದರು. 2018ರ ಹೊತ್ತಿಗೆ ಅದು ಶೇ 6ಕ್ಕೆ ಇಳಿಯಿತು. ನೂರು ಜನರಲ್ಲಿ ಆರು! ಉಳಿದ 94 ಜನ ಈ ಆರು ಜನರ ಹಾಗೆಯೇ ಯೋಚಿಸುತ್ತಾರೆ ಎಂದರೆ ತೊಂದರೆ ಇಲ್ಲ. ಆದರೆ ಅಪರಿಚಿತರ ಜೊತೆ ಕೂತು ರಾಜಕೀಯ ಮಾತಾಡಲು ಸಮಯ, ಮನಸ್ಸು, ನಂಬಿಕೆ ಇರುವವರು ಎಲ್ಲರಂತೆ ಇರುತ್ತಾರಾ?

ಅದಕ್ಕೇ ‘ತೂಕ ಕೊಡುವುದು’ ಎನ್ನುವ ಕೆಲಸ ಬಂತು. ಸಮೀಕ್ಷೆಗೆ ಸಿಕ್ಕ ಯುವಕರು ಕಡಿಮೆ ಎಂದಾದರೆ ಸಿಕ್ಕ ಒಬ್ಬೊಬ್ಬ ಯುವಕನನ್ನೂ ಇಬ್ಬರು, ಮೂವರು ಎಂದು ಎಣಿಸುತ್ತಾರೆ. ಇದು ಬೇಕಾದ ಕೆಲಸ, ಅಪಾಯದ ಕೆಲಸವೂ ಹೌದು. 2016ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಮತ್ತು ಅಲ್ಲಿನ ವಿಶ್ವವಿದ್ಯಾಲಯ ಸೇರಿ ಮಾಡುತ್ತಿದ್ದ ಸಮೀಕ್ಷೆಯಲ್ಲಿ ಇಲಿನಾಯ್ ರಾಜ್ಯದ 19 ವರ್ಷದ ಒಬ್ಬ ಕಪ್ಪು ಯುವಕ ಇದ್ದ. ಅವನಂಥವರು ಕಡಿಮೆ ಸಿಕ್ಕಿದ್ದರಿಂದ ಅವನಿಗೆ ಸಾಮಾನ್ಯ ಒಬ್ಬರಿಗಿಂತ 30 ಪಟ್ಟು ತೂಕ ಬಿತ್ತು. ಅವನು ಟ್ರಂಪ್ ಬೆಂಬಲಿಗ. ಸುಮಾರು ಮೂರು ಸಾವಿರ ಜನರ ಸಮೀಕ್ಷೆಯಲ್ಲಿ ಆ ಒಬ್ಬ ಹುಡುಗನಿಂದ ಇಡೀ ದೇಶದ ಅಂಕಿ ಆಚೀಚೆ ಆಗುತ್ತಿತ್ತು.

ಫೋನ್ ದುಬಾರಿ ಎಂದು ಹಲವರು ಆನ್‌ಲೈನ್‌ಗೆ ಹೋದರು. ಚಿಕ್ಕ ಬಹುಮಾನಕ್ಕೆ ಯಾರು ಬೇಕಾದರೂ ಸೇರಿ ಉತ್ತರ ಕೊಡುವ ಸಮೀಕ್ಷೆಗಳವು. ಪ್ಯೂ ಕೇಂದ್ರ 2022ರಲ್ಲಿ ಇಂಥದ್ದೊಂದನ್ನು ಪರೀಕ್ಷೆ ಮಾಡಿತು. ಅಣುಶಕ್ತಿಯ ಜಲಾಂತರ್ಗಾಮಿ ನಡೆಸಲು ನಿಮಗೆ ಲೈಸೆನ್ಸ್ ಇದೆಯಾ ಎಂದು ಕೇಳಿತು. 30 ವರ್ಷದೊಳಗಿನವರಲ್ಲಿ ಶೇ 12ರಷ್ಟು ಜನ ಇದೆ ಎಂದರು. ನಿಜದಲ್ಲಿ ಅಂಥವರು ಶೇಕಡಾ ಲೆಕ್ಕಕ್ಕೇ ಸಿಗುವುದಿಲ್ಲ. ಪ್ರಶ್ನೆ ಓದದೆ ಸುಮ್ನೆ ಒತ್ತುತ್ತಾ ಹೋಗುವವರು ಇವರು. ಇಂಥ ಸಮೀಕ್ಷೆ ಹಿಡಿದು ‘ಯುವಜನ ಹೀಗೆ ಯೋಚಿಸುತ್ತಿದ್ದಾರೆ’ ಎಂದು ಬರೆಯುವುದು ಯುವಜನರಿಗೆ ಮಾಡುವ ಅನ್ಯಾಯ.

ಸುದ್ದಿಯ ಕೊನೆಯಲ್ಲಿ ‘ಮೂರು ಪಾಯಿಂಟ್ ಹೆಚ್ಚು ಕಡಿಮೆ ಆಗಬಹುದು’ ಎಂಬ ಸಾಲು ಇರುತ್ತದಲ್ಲ, ಅದು ಈ ಯಾವ ತಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾವಿರ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿದಾಗ ಆಗುವ ಆಕಸ್ಮಿಕ ವ್ಯತ್ಯಾಸ ಮಾತ್ರ ಅದು. ಅದೂ ಒಬ್ಬ ಅಭ್ಯರ್ಥಿಯ ಅಂಕಿಗೆ. ಇಬ್ಬರ ನಡುವಿನ ಅಂತರಕ್ಕೆ ಅದು ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ. ಹಳೆಯ ಸಮೀಕ್ಷೆಗಳನ್ನು ಫಲಿತಾಂಶದ ಜೊತೆ ಹೋಲಿಸಿ ನೋಡಿದವರು, ನಿಜವಾದ ತಪ್ಪು ಆ ಸಾಲಿನಲ್ಲಿ ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ಎಂದು ಕಂಡುಕೊಂಡಿದ್ದಾರೆ. ಹಾಗಿರುವಾಗ ಎರಡು ಪಾಯಿಂಟ್ ಅಂತರಕ್ಕೆ ‘ಭಾರೀ ಹಿನ್ನಡೆ’ ಎಂದು ತಲೆಬರಹ ಕೊಡಬಾರದು. ಈ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಸಮೀಕ್ಷೆಯನ್ನೇ ನಂಬಬಾರದು ಅನಿಸಬಹುದು. ನನ್ನ ಅಭಿಪ್ರಾಯ ಅದಲ್ಲ. 2016, 2020, 2024 ಮೂರರಲ್ಲೂ ಸಮೀಕ್ಷೆಗಳು ಟ್ರಂಪ್ ಬಲವನ್ನು ಕಡಿಮೆ ತೋರಿಸಿದವು. 2020ರ ದೇಶಮಟ್ಟದ ಸಮೀಕ್ಷೆಗಳ ತಪ್ಪು 40 ವರ್ಷದಲ್ಲೇ ದೊಡ್ಡದು. ಆದರೆ ನಡುವಿನ ಎರಡು ಮಿಡ್‌ಟರ್ಮ್‌ ನೋಡಿ. 2018ರಲ್ಲಿ ಸಮೀಕ್ಷೆಗಳ ಸರಾಸರಿ ಡೆಮಾಕ್ರಟರಿಗೆ ಏಳರಿಂದ ಒಂಬತ್ತು ಪಾಯಿಂಟ್ ಮುನ್ನಡೆ ಹೇಳಿತ್ತು, ಬಂದದ್ದು 8.6. 2022ರಲ್ಲಿ ರಿಪಬ್ಲಿಕನ್ನರಿಗೆ ಒಂದರಿಂದ ಎರಡೂವರೆ ಎಂದಿದ್ದವು, ಬಂದದ್ದು ಮೂರರ ಹತ್ತಿರ. ಬರುವವರನ್ನು ಅಂದಾಜಿಸುವುದು ಕಷ್ಟವಾದರೂ, ಟ್ರಂಪ್ ಹೆಸರು ಮತಪತ್ರದಲ್ಲಿ ಇಲ್ಲದಾಗ ಸಮೀಕ್ಷೆಗಳು ಅಷ್ಟು ಎಡವಿಲ್ಲ. ಸಮೀಕ್ಷೆಯವರ ಮೇಲೆ ನಂಬಿಕೆ ಇಲ್ಲದ, ರಾಜಕೀಯದಿಂದ ದೂರ ಇರುವ, ಟ್ರಂಪ್ ನಿಂತರೆ ಮಾತ್ರ ಬೂತ್‌ಗೆ ಬರುವ ಒಂದು ವರ್ಗ ಇದೆ. ಅವರು ಫೋನ್‌ಗೂ ಸಿಗುವುದಿಲ್ಲ, ಮಿಡ್‌ಟರ್ಮ್‌ಗೂ ಬರುವುದಿಲ್ಲ. ಎರಡೂ ಕಡೆ ಇಲ್ಲದಿದ್ದಾಗ ಲೆಕ್ಕ ಸರಿಹೋಗುತ್ತದೆ ಎನ್ನುವುದು ಒಂದು ವಿವರಣೆ. ನನಗೆ ಇದು ಸರಿ ಅನಿಸುತ್ತದೆ, ಆದರೂ ಎರಡೇ ಚುನಾವಣೆ ನೋಡಿ ಇದನ್ನು ನಿಯಮ ಮಾಡಲಾಗದು.

ಇದರ ಹಿಂದೆ ಒಂದು ದೊಡ್ಡ ಬದಲಾವಣೆ ಆಗಿದೆ. ಒಬಾಮ ಕಾಲದಲ್ಲಿ ಅಪರೂಪಕ್ಕೆ ಮತ ಹಾಕುವವರಲ್ಲಿ ಯುವಕರು, ಬಡವರು ಜಾಸ್ತಿ. ಅವರು ಹೆಚ್ಚಾಗಿ ಡೆಮಾಕ್ರಟರ ಕಡೆ. ಮಿಡ್‌ಟರ್ಮ್‌ಗೆ ಅವರು ಬರುತ್ತಿರಲಿಲ್ಲ, 2010ರಲ್ಲಿ ಡೆಮಾಕ್ರಟರು ಕೆಳಮನೆಯ 63 ಸ್ಥಾನ ಕಳೆದುಕೊಂಡರು. ಈಗ ಕಾಲೇಜು ಓದಿದ, ಪ್ರತಿ ಚುನಾವಣೆಗೂ ತಪ್ಪದೆ ಬರುವ ಜನ ಡೆಮಾಕ್ರಟರ ಕಡೆ ವಾಲಿದ್ದಾರೆ. ಅಪರೂಪದವರು ಟ್ರಂಪ್ ಕಡೆ ಸರಿದಿದ್ದಾರೆ. 2024ರಲ್ಲಿ ಮತ ಹಾಕದೆ ಉಳಿದವರನ್ನು ಪ್ಯೂ ಕೇಳಿದಾಗ, ಹಾಕಿದ್ದರೆ ಟ್ರಂಪ್‌ಗೆ ಎಂದವರು ಶೇ 44, ಕಮಲಾ ಹ್ಯಾರಿಸ್‌ಗೆ ಎಂದವರು ಶೇ 40. ಹಾಗಾಗಿ ಈಗಿನ ಯಾವುದೇ ಸಮೀಕ್ಷೆ ನೋಡುವಾಗ ಅದು ಕೇಳಿದ್ದು ಎಲ್ಲ ವಯಸ್ಕರನ್ನೋ, ನೋಂದಾಯಿಸಿಕೊಂಡ ಮತದಾರರನ್ನೋ, ಮತ ಹಾಕಬಹುದಾದವರನ್ನು ಮಾತ್ರವೋ ಎಂದು ಹುಡುಕಿ ಓದಬೇಕು. ಹಿಂದೆ ಮತ ಹಾಕಬಹುದಾದವರನ್ನು ಮಾತ್ರ ಸೋಸುವ ಈ ಜರಡಿ ಹಿಡಿದರೆ ರಿಪಬ್ಲಿಕನ್ನರ ಅಂಕಿ ಏರುತ್ತಿತ್ತು. ಈಗ ಹೆಚ್ಚಾಗಿ ಡೆಮಾಕ್ರಟರದ್ದು ಏರುತ್ತದೆ.

2022ರಲ್ಲಿ ಎಡವಿದ್ದು ಸಮೀಕ್ಷೆಗಿಂತ ಹೆಚ್ಚಾಗಿ ಅದನ್ನು ಓದಿದವರು. ‘ಕೆಂಪು ಅಲೆ’ (ಕೆಂಪು ರಿಪಬ್ಲಿಕನ್ ಪಕ್ಷದ ಬಣ್ಣ) ಬರುತ್ತದೆ, ಡೆಮಾಕ್ರಟರು ಕೊಚ್ಚಿಕೊಂಡು ಹೋಗುತ್ತಾರೆ ಎಂದು ಟಿವಿಗಳಲ್ಲಿ ಮಾತೋ ಮಾತು. ಬೆಲೆ ಏರಿಕೆ ಜೋರಾಗಿತ್ತು, ಬೈಡನ್ ಮೇಲೆ ಜನಕ್ಕೆ ಬೇಸರ ಇತ್ತು. ಎರಡನೇ ಮಹಾಯುದ್ಧದ ನಂತರ 1998 ಮತ್ತು 2002 ಬಿಟ್ಟರೆ ಪ್ರತಿ ಮಿಡ್‌ಟರ್ಮ್‌ನಲ್ಲೂ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸ್ಥಾನ ಕಳೆದುಕೊಂಡಿದೆ. ಆದರೆ ಆ ವರ್ಷದ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನ ಹಳೆಯ ತೀರ್ಪನ್ನು ರದ್ದು ಮಾಡಿತ್ತು. ಆಗಸ್ಟ್‌ನಲ್ಲಿ, ರಿಪಬ್ಲಿಕನ್ ಕೋಟೆಯಂತಿರುವ ಕ್ಯಾನ್ಸಸ್‌ನಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನದಿಂದ ತೆಗೆಯುವ ಪ್ರಸ್ತಾವವನ್ನು ಶೇ 59ರಷ್ಟು ಜನ ತಿರಸ್ಕರಿಸಿದರು. ಅದೇ ತಿಂಗಳು ನ್ಯೂಯಾರ್ಕ್ ರಾಜ್ಯದ ಒಂದು ಉಪಚುನಾವಣೆಯಲ್ಲಿ, ಹಿಂದಿದ್ದಾರೆ ಎಂದು ಸಮೀಕ್ಷೆಗಳು ಹೇಳಿದ್ದ ಡೆಮಾಕ್ರಟ್ ಅಭ್ಯರ್ಥಿ ಪ್ಯಾಟ್ ರಯಾನ್ ಗೆದ್ದರು. ಬೂತ್‌ಗೆ ಬರುವವರು ಬದಲಾಗಿದ್ದರು. ಸುಳಿವು ಕಣ್ಣೆದುರೇ ಇತ್ತು. ನವೆಂಬರ್‌ನಲ್ಲಿ ರಿಪಬ್ಲಿಕನ್ನರಿಗೆ ಸಿಕ್ಕಿದ್ದು 222 ಸ್ಥಾನ. ಬಹುಮತಕ್ಕೆ ಬೇಕಾದದ್ದು 218. ಸೆನೆಟ್ ಡೆಮಾಕ್ರಟರ ಕೈಯಲ್ಲೇ ಉಳಿಯಿತು.

ಇನ್ನೊಂದು ವಿಷಯ. ‘ನಿಮ್ಮ ಕ್ಷೇತ್ರದಲ್ಲಿ ಯಾವ ಪಕ್ಷಕ್ಕೆ ಹಾಕುತ್ತೀರಿ’ ಎಂದು ದೇಶಾದ್ಯಂತ ಕೇಳುವ ಪ್ರಶ್ನೆ ಮತಗಳನ್ನು ಹೇಳುತ್ತದೆ, ಸ್ಥಾನಗಳನ್ನು ಅಲ್ಲ. 2012ರಲ್ಲಿ ಕೆಳಮನೆಗೆ ಡೆಮಾಕ್ರಟರಿಗೇ ಹೆಚ್ಚು ಮತ ಬಿತ್ತು, 234 ಸ್ಥಾನ ಗೆದ್ದದ್ದು ರಿಪಬ್ಲಿಕನ್ನರು. ಕ್ಷೇತ್ರದ ಗಡಿ ಎಳೆಯುವ ಕೈ ಯಾರದು ಎನ್ನುವುದರ ಮೇಲೆ ಇದು ನಿಂತಿದೆ. 2025ರಲ್ಲಿ ಟೆಕ್ಸಸ್ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚು ಬರುವಂತೆ ಗಡಿ ಬದಲಿಸಿತು. ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾ ನವೆಂಬರ್‌ನಲ್ಲಿ ಜನರ ಮತ ಪಡೆದು ಡೆಮಾಕ್ರಟರಿಗೆ ಅನುಕೂಲವಾಗುವ ನಕ್ಷೆ ತಂದಿತು.

ನಮ್ಮ ಓದುಗರಿಗೆ ಹತ್ತಿರದ ಮಾತೊಂದಿದೆ. ‘ಭಾರತೀಯ ಮೂಲದವರು ಈ ಸಲ ಯಾರ ಕಡೆ?’ ಎಂಬ ವರದಿಗಳು ಚುನಾವಣೆ ಹತ್ತಿರ ಬಂದಂತೆ ನಮ್ಮಲ್ಲಿ ಜಾಸ್ತಿ ಆಗುತ್ತವೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರ ಮಿಡ್‌ಟರ್ಮ್‌ನಲ್ಲೇ ಮಿಷಿಗನ್‌ನಿಂದ ಕೆಳಮನೆಗೆ ಗೆದ್ದವರು, ಹಾಗಾಗಿ ಕುತೂಹಲ ಸಹಜ. ಆದರೆ ಭಾರತೀಯ ಮೂಲದವರು ಅಮೆರಿಕದ ಜನಸಂಖ್ಯೆಯಲ್ಲಿ ಶೇ 1.5ರ ಆಸುಪಾಸು. ಸಾವಿರ ಜನರ ಸಮೀಕ್ಷೆಯಲ್ಲಿ ಅವರು ಹದಿನೈದು ಮಂದಿ ಸಿಕ್ಕರೆ ಹೆಚ್ಚು. ಹದಿನೈದು ಜನರನ್ನು ಕೇಳಿ ಇಡೀ ಸಮುದಾಯ ತಿರುಗಿಬಿದ್ದಿದೆ ಎನ್ನಲಾಗದು. ಅವರನ್ನೇ ಹುಡುಕಿ ನೂರಾರು ಜನರನ್ನು ಕೇಳುವ ಸಮೀಕ್ಷೆ ಬೇಕು. ಕಾರ್ನೆಗಿ ಸಂಸ್ಥೆ ಹಾಗೆ ಮಾಡಿದೆ. 2020ರಲ್ಲಿ ಬೈಡನ್‌ಗೆ ಶೇ 70ರ ಆಸುಪಾಸು ಇದ್ದ ಬೆಂಬಲ 2024ರಲ್ಲಿ ಹ್ಯಾರಿಸ್‌ಗೆ ಶೇ 60ರ ಹತ್ತಿರಕ್ಕೆ ಇಳಿದದ್ದು ಹಾಗೆ ಕೇಳಿದ್ದರಿಂದಲೇ ಗೊತ್ತಾಯಿತು.

ನನ್ನ ಅಕ್ಕನ ಮಗನ ವಿಷಯಕ್ಕೆ ಮತ್ತೆ ಬರುತ್ತೇನೆ. ಅವನಿಗೆ ಪೌರತ್ವ ಸಿಕ್ಕಿದ್ದು 2025ರ ಬೇಸಿಗೆಯಲ್ಲಿ. ಮತದಾರರ ಪಟ್ಟಿಗೆ ಸೇರಿದ ಕೂಡಲೇ ನವೆಂಬರ್‌ನಲ್ಲಿ ನ್ಯೂಜೆರ್ಸಿ ಗವರ್ನರ್ ಚುನಾವಣೆ ಬಂತು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಹಿಂದಿನ ಒಂದೂ ಮತದಾನ ಇರಲಿಲ್ಲ. ಯಾವ ಜರಡಿಯಲ್ಲೂ ಅವನು ನಿಲ್ಲುತ್ತಿರಲಿಲ್ಲ, ಫೋನಂತೂ ಎತ್ತುವವನಲ್ಲ. ಹಲವು ಸಮೀಕ್ಷೆಗಳು ಪೈಪೋಟಿ ಬಿಗಿಯಾಗಿದೆ ಎಂದಿದ್ದವು. ಮತದಾನಕ್ಕೆ 2021ಕ್ಕಿಂತ ಲಕ್ಷಗಟ್ಟಲೆ ಜಾಸ್ತಿ ಜನ ಬಂದರು, ಡೆಮಾಕ್ರಟ್ ಮೈಕಿ ಶೆರಿಲ್ ಸುಮಾರು 14 ಪಾಯಿಂಟ್‌ನಿಂದ ಗೆದ್ದರು. ಅವನೂ ಕೆಲಸ ಮುಗಿಸಿ ಸಂಜೆ ಹೋಗಿ ಸಾಲಿನಲ್ಲಿ ನಿಂತು ಮತ ಹಾಕಿ ಬಂದ. ಯಾರಿಗೆ ಎಂದು ನಾನು ಕೇಳಲಿಲ್ಲ. ಈಗ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಮತದಾನ ದಾಖಲಾಗಿದೆ. ಈ ಸಲ ಗೊತ್ತಿಲ್ಲದ ನಂಬರ್‌ನಿಂದ ಕರೆ ಬಂದರೆ ಒಮ್ಮೆಯಾದರೂ ಎತ್ತು ಮಾರಾಯ ಎಂದು ಹೇಳಿದ್ದೇನೆ.